ಕೊಲ್ಲಿಯ ಕಲಹ ಧರ್ಮದ್ದೋ, ರಾಜ್ಯದ್ದೋ? ಮಕ್ಕಳಿಗೆ ಏನೆಂದು ಕಲಿಸಲಿ?

ಪ್ರಶ್ನೆ: ಶಿಕ್ಷಕಿ, ಕಾಪು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ತರಗತಿಯಲ್ಲಿ ಅಪ್ಪನೋ, ಮಾವನೋ, ಅಣ್ಣನೋ ಕೊಲ್ಲಿ ದೇಶದಲ್ಲಿ ದುಡಿಯುತ್ತಿರುವ ಮಕ್ಕಳು ಬಹಳ ಮಂದಿ ಇದ್ದಾರೆ. ಶಾಲೆಯಿಂದ ತುಸು ದೂರದ ಪಾದೂರಿನ ಬಂಡೆಯೊಳಗೆ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳಿವೆ. ಹೀಗಾಗಿ ಪಶ್ಚಿಮ ಏಷ್ಯಾ ಎನ್ನುವುದು ಈ ಮಕ್ಕಳಿಗೆ ಭೂಪಟದ ಮೇಲಿನ ದೂರದ ಬಣ್ಣವಲ್ಲ, ಮನೆಯ ಮಾತು.

2025ರ ಜೂನ್ 23ರ ರಾತ್ರಿ ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆಯತ್ತ ಕ್ಷಿಪಣಿ ಹಾರಿಸಿದಾಗ ನನ್ನ ತಮ್ಮ ದೋಹಾದಲ್ಲಿದ್ದ. ವಾಯುಮಾರ್ಗ ಮುಚ್ಚಿದೆಯೆಂಬ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಅವನ ಫೋನು ಸಿಗುವವರೆಗೂ ಅಮ್ಮ ದೇವರ ಕೋಣೆಯ ಹೊಸ್ತಿಲು ಬಿಟ್ಟು ಏಳಲಿಲ್ಲ. ಮರುದಿನ ತರಗತಿಯಲ್ಲಿ ಮಕ್ಕಳು ಕೇಳಿದ್ದು ಇದನ್ನೇ: ಅಲ್ಲಿಯವರೆಲ್ಲ ಒಂದೇ ಧರ್ಮದವರಾಗಿದ್ದೂ ಯಾಕೆ ಹೊಡೆದಾಡುತ್ತಾರೆ? ಒಬ್ಬರು ಶಿಯಾ, ಮತ್ತೊಬ್ಬರು ಸುನ್ನಿ, ಇದು ಹದಿನಾಲ್ಕು ಶತಮಾನಗಳ ಹಳೆಯ ಭೇದ ಎಂದು ನಾನು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಾಗಾದರೆ ಹಮಾಸ್‌ನವರು ಸುನ್ನಿಗಳಲ್ಲವಾ ಟೀಚರ್, ಇರಾನ್ ಅವರಿಗೆ ಯಾಕೆ ಸಹಾಯ ಮಾಡುತ್ತದೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ನಾಳೆ ಹೇಳುತ್ತೇನೆ ಎಂದು ಪಾಠ ಮುಗಿಸಿದೆ. ತಿಳಿದವರು ಬಿಡಿಸಿ ಹೇಳಬೇಕಾಗಿ ವಿನಂತಿ. ಒಂದು ಪ್ರದೇಶದ ಬಲಾಬಲವನ್ನು ನಿಜಕ್ಕೂ ನಿರ್ಧರಿಸುವುದು ಧರ್ಮದ ಪೈಪೋಟಿಯೋ, ರಾಷ್ಟ್ರಗಳ ಪೈಪೋಟಿಯೋ?

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ಉಡುಪಿ

ಟೀಚರ್, ಮೊದಲು ಆ ಹುಡುಗಿಯ ಬೆನ್ನು ತಟ್ಟಿ. ಹದಿನಾಲ್ಕು ಶತಮಾನಗಳ ಹಗೆ ಎಂದುಬಿಟ್ಟರೆ ಕಾಲದ ಲೆಕ್ಕವೇ ತಪ್ಪಿಹೋಗುತ್ತದೆ. ಅಷ್ಟು ಹಳೆಯ ಭೇದವೊಂದು ಕೆಲವು ದಶಕಗಳಲ್ಲಿ ಯುದ್ಧವಾಗಿ ಸಿಡಿದು ಉಳಿದ ದಶಕಗಳಲ್ಲಿ ತಣ್ಣಗಿರುತ್ತದೆ ಎಂದಾದರೆ, ಸಿಡಿದ ದಶಕಗಳಲ್ಲಿ ಹೊಸದಾಗಿ ಏನಾಯಿತು ಎಂದು ಹುಡುಕುವುದೇ ಇತಿಹಾಸದ ವಿದ್ಯಾರ್ಥಿಯ ಕೆಲಸ.

ನಾನು ತರಗತಿಯಲ್ಲಿ ಯಾವಾಗಲೂ ಯೆಮನ್‌ನಿಂದ ಆರಂಭಿಸುತ್ತಿದ್ದೆ. 1962ರಲ್ಲಿ ಅಲ್ಲಿನ ಸೇನಾಧಿಕಾರಿಗಳು ಇಮಾಮನನ್ನು ಗದ್ದುಗೆಯಿಂದ ಇಳಿಸಿ ಗಣರಾಜ್ಯವನ್ನು ಘೋಷಿಸಿದರು. ಆ ಇಮಾಮ ಝೈದಿ ಪಂಥದವನು, ಎಂದರೆ ಶಿಯಾ ಕವಲಿನವನು. ಗಣರಾಜ್ಯದ ಬೆನ್ನಿಗೆ ನಿಂತದ್ದು ಅಧ್ಯಕ್ಷ ನಾಸರ್‌ನ ಈಜಿಪ್ಟ್. ಅದು ಸುನ್ನಿ ಬಹುಸಂಖ್ಯಾತರ ಅರಬ್ ರಾಷ್ಟ್ರ. ಧರ್ಮದ ಲೆಕ್ಕವೇ ನಿಜವಾಗಿದ್ದರೆ ಸೌದಿ ಅರಸರು ಈಜಿಪ್ಟಿನ ಜೊತೆ ಕೈಜೋಡಿಸಬೇಕಿತ್ತು. ಆದರೆ ಅವರ ಹಣವೂ ಬಂದೂಕುಗಳೂ ಹೋದದ್ದು ಶಿಯಾ ಇಮಾಮನ ಕಡೆಯವರಿಗೆ. ಇರಾನಿನ ದೊರೆ ಶಾ ಕೂಡ ಅದೇ ಪಕ್ಷಕ್ಕೆ ನೆರವಾದ. ಅರಸೊತ್ತಿಗೆಗಳನ್ನು ಉರುಳಿಸುವ ನಾಸರ್‌ನ ಗಾಳಿ ತಮ್ಮ ಸಿಂಹಾಸನದ ಕಡೆಗೂ ಬೀಸೀತು ಎಂಬ ಭಯ ರಿಯಾದ್ ಮತ್ತು ಟೆಹರಾನ್ ಎರಡಕ್ಕೂ ಒಂದೇ ಆಗಿತ್ತು. ಅರ್ಧ ಶತಮಾನ ಕಳೆದು 2014ರ ಸೆಪ್ಟೆಂಬರ್‌ನಲ್ಲಿ ಅದೇ ಝೈದಿ ಸಮುದಾಯದಿಂದ ಬಂದ ಹೂಥಿಗಳು ಸನಾ ನಗರವನ್ನು ಹಿಡಿದರು. 2015ರ ಮಾರ್ಚ್‌ನಲ್ಲಿ ಸೌದಿ ವಿಮಾನಗಳು ಅವರ ಮೇಲೆ ಬಾಂಬು ಸುರಿಸತೊಡಗಿದವು. ಪಂಥ ಬದಲಾಗಿರಲಿಲ್ಲ, ನಾಡೂ ಬದಲಾಗಿರಲಿಲ್ಲ. ಆ ಪಂಥದವರ ಹಿಂದೆ ಯಾರು ನಿಂತಿದ್ದಾರೆ ಎಂಬುದು ಬದಲಾಗಿತ್ತು, ಈಗ ಅಲ್ಲಿದ್ದದ್ದು ಕ್ರಾಂತಿಯ ನಂತರದ ಇರಾನ್.

ಇರಾನ್ ಮತ್ತು ಅರಬ್ ಅರಸರ ನಡುವಿನ ಪೈಪೋಟಿಯೂ ಇಸ್ಲಾಮಿಕ್ ಕ್ರಾಂತಿಯೊಂದಿಗೆ ಹುಟ್ಟಿದ್ದಲ್ಲ. ಬ್ರಿಟಿಷರು ಕೊಲ್ಲಿಯಿಂದ ಕಾಲ್ತೆಗೆಯುತ್ತಿದ್ದಂತೆ, 1971ರ ನವೆಂಬರ್ 30ರಂದು, ಇರಾನಿನ ಸೈನ್ಯ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಲ್ಲಿ ಇಳಿಯಿತು. ಸಂಯುಕ್ತ ಅರಬ್ ಎಮಿರೇಟ್ಸ್ ಅಸ್ತಿತ್ವಕ್ಕೆ ಬಂದದ್ದು ಅದಾದ ಎರಡೇ ದಿನಕ್ಕೆ. ಸೈನ್ಯ ಕಳುಹಿಸಿದ್ದು ಆ ಕ್ರಾಂತಿಯ ನಾಯಕ ಖೊಮೇನಿಯಲ್ಲ, ಅಮೆರಿಕದ ಮಿತ್ರನೂ ಪಾಶ್ಚಾತ್ಯ ಒಲವಿನವನೂ ಆಗಿದ್ದ ಶಾ. ಹೊರ್ಮುಝ್ ಜಲಸಂಧಿಯ ಬಾಯಲ್ಲಿರುವ ಆ ದ್ವೀಪಗಳ ತಕರಾರು ಕ್ರಾಂತಿಯ ನಂತರವೂ ಹಾಗೆಯೇ ಮುಂದುವರಿಯಿತು. ಟೆಹರಾನಿನಲ್ಲಿ ಪೇಟ ಕಟ್ಟಿದವರು ಆಳಲಿ, ಟೈ ಕಟ್ಟಿದವರು ಆಳಲಿ, ಆ ಜಲಸಂಧಿ ಇರಾನಿಗೆ ಬೇಕೇ ಬೇಕು.

1979ರಲ್ಲಿ ಬದಲಾದದ್ದು ಏನೆಂದರೆ, ಅರಸೊತ್ತಿಗೆಯೇ ಇಸ್ಲಾಮಿಗೆ ಸಲ್ಲದು ಎನ್ನುವ ಧರ್ಮಗುರುವೊಬ್ಬರ ಕೈಗೆ ಇರಾನಿನಂಥ ದೊಡ್ಡ ರಾಷ್ಟ್ರ ಬಂದದ್ದು. ಮಕ್ಕಾ ಮತ್ತು ಮದೀನಾಗಳನ್ನು ಕಾಯುವವರು ಎಂಬ ಗೌರವದ ಮೇಲೆ ನಿಂತ ಸೌದಿ ಮನೆತನಕ್ಕೆ ಇದು ಪಂಥದ ಚರ್ಚೆಯಾಗಿ ಕಾಣಲಿಲ್ಲ, ಬುಡಕ್ಕೇ ಬಿದ್ದ ಕೊಡಲಿಯಾಗಿ ಕಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಕ್ಕಾದ ಮಹಾ ಮಸೀದಿಯನ್ನು ಸುನ್ನಿ ತೀವ್ರವಾದಿಗಳೇ ಆಕ್ರಮಿಸಿಕೊಂಡದ್ದು ಆ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಮುಂದೆ 1986ರಲ್ಲಿ ದೊರೆ ಫಹದ್ ‘ಎರಡು ಪವಿತ್ರ ಮಸೀದಿಗಳ ಪಾಲಕ’ ಎಂಬ ಬಿರುದನ್ನು ಅಧಿಕೃತವಾಗಿ ಧರಿಸಿದ. ಮರುವರ್ಷ ಹಜ್ ಯಾತ್ರೆಯ ಹೊತ್ತಿನಲ್ಲಿ ಇರಾನಿ ಯಾತ್ರಿಕರ ಪ್ರದರ್ಶನ ಮತ್ತು ಸೌದಿ ಪೊಲೀಸರ ನಡುವಿನ ಘರ್ಷಣೆಯಲ್ಲಿ 400ಕ್ಕೂ ಹೆಚ್ಚು ಮಂದಿ ಸತ್ತರು. 1988ರಲ್ಲಿ ರಾಜತಾಂತ್ರಿಕ ಸಂಬಂಧವೇ ಕಡಿದುಹೋಯಿತು.

ಈಗ ನಿಮ್ಮ ಹುಡುಗಿಯ ಪ್ರಶ್ನೆ. 1980ರಿಂದ 1988ರವರೆಗೆ ನಡೆದ ಇರಾನ್–ಇರಾಕ್ ಯುದ್ಧದಲ್ಲಿ ಇರಾಕಿನ ಸಾಮಾನ್ಯ ಸೈನಿಕರಲ್ಲಿ ಹೆಚ್ಚಿನವರು ಶಿಯಾಗಳೇ ಆಗಿದ್ದರು, ಮತ್ತು ಅವರು ಶಿಯಾ ಇರಾನಿನ ವಿರುದ್ಧ ಎಂಟು ವರ್ಷ ಹೋರಾಡಿದರು. ಇತ್ತ ಇರಾನಿನ ಖುಝೆಸ್ತಾನದ ಅರಬರು ತನ್ನ ಪರ ಎದ್ದು ನಿಲ್ಲುತ್ತಾರೆಂದು ಸದ್ದಾಂ ನಂಬಿದ್ದು ಹುಸಿಯಾಯಿತು. ಅರಬ್ ರಾಷ್ಟ್ರೀಯತೆಯನ್ನೇ ಉಸಿರಾಡುತ್ತಿದ್ದ ಸಿರಿಯಾ, ಇರಾಕಿನ ಮೇಲಿನ ಹಗೆಯಿಂದ ಇರಾನಿನ ಪಕ್ಷ ಸೇರಿತು. ಕಾಕಸಸ್ ಕಡೆ ನೋಡಿ: ಅಜರ್‌ಬೈಜಾನ್ ಶಿಯಾ ಬಹುಸಂಖ್ಯಾತ ದೇಶ, ಆರ್ಮೇನಿಯಾ ಕ್ರೈಸ್ತ ದೇಶ. ಇರಾನಿಗೆ ಹತ್ತಿರವಾದದ್ದು ಆರ್ಮೇನಿಯಾ. ಅಜರ್‌ಬೈಜಾನಿಗೆ ಶಸ್ತ್ರ ಕೊಟ್ಟವರಲ್ಲಿ ಸುನ್ನಿ ಟರ್ಕಿಯೂ ಇದೆ, ಇಸ್ರೇಲೂ ಇದೆ. ತನ್ನ ಗಡಿಯೊಳಗಿರುವ ಲಕ್ಷಾಂತರ ಅಜರಿಗಳು ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ಕಡೆ ನೋಡತೊಡಗಿದರೆ ಏನು ಗತಿ ಎಂಬುದು ಇರಾನಿನ ಚಿಂತೆ. ಹಮಾಸ್ ಪ್ರಶ್ನೆಯ ಉತ್ತರವೂ ಇಲ್ಲಿಯೇ ಇದೆ. ಇಸ್ರೇಲಿನ ಎದುರು ನಿಂತವರಿಗೆ ನೆರವಾಗುವ ಮೂಲಕ ಪರ್ಷಿಯನ್ ಶಿಯಾ ರಾಷ್ಟ್ರವೊಂದು ಅರಬ್ ಸುನ್ನಿ ಜನಸಾಮಾನ್ಯರ ಮನಸ್ಸಿನಲ್ಲಿ ಜಾಗ ಪಡೆಯಬಹುದು. ಅರಬ್ ಅರಸರಿಗೆ ಅದೇ ಮುಜುಗರ.

ಉತ್ತರ 2: ಸುರತ್ಕಲ್, ಹಿಂದೆ ದೋಹಾದಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದವನು

ಮೇಷ್ಟ್ರ ಮಾತಿಗೆ ಕಣ್ಣಾರೆ ಕಂಡ ಒಂದನ್ನು ಸೇರಿಸುತ್ತೇನೆ. 2017ರ ಜೂನ್ 5ರಂದು ಸೌದಿ, ಎಮಿರೇಟ್ಸ್, ಬಹರೇನ್ ಮತ್ತು ಈಜಿಪ್ಟ್ ಸೇರಿ ಕತಾರಿನೊಂದಿಗೆ ಸಂಬಂಧ ಕಡಿದುಕೊಂಡಾಗ ನಾನು ದೋಹಾದಲ್ಲಿದ್ದೆ. ರಂಜಾನ್ ತಿಂಗಳು. ಕತಾರಿಗೆ ಇರುವುದು ಒಂದೇ ನೆಲಗಡಿ, ಅದು ಸೌದಿಯದು. ಹಾಲು, ಮೊಸರು, ತರಕಾರಿಯ ಲಾರಿಗಳು ಬರುತ್ತಿದ್ದುದು ಅಲ್ಲಿಂದಲೇ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮುಂಚೆ ಸೂಪರ್ ಮಾರ್ಕೆಟ್ಟಿಗೆ ಹೋದರೆ ಕೋಳಿಮಾಂಸದ ಪೆಟ್ಟಿಗೆ ಖಾಲಿ, ಹಾಲಿನ ಕಪಾಟು ಖಾಲಿ. ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದ ಮಹಿಳೆಯೊಬ್ಬರು ಎರಡು ಗಾಡಿ ತುಂಬ ಅಕ್ಕಿ, ನೀರು ತುಂಬಿಕೊಂಡಿದ್ದರು. ಕೆಲವೇ ದಿನಗಳಲ್ಲಿ ಆ ಕಪಾಟಿನಲ್ಲಿ ಟರ್ಕಿ ಭಾಷೆಯ ಹೆಸರು ಬರೆದ ಹಾಲಿನ ಪೊಟ್ಟಣಗಳು ಬಂದವು. ಯಾವುದು ಹಾಲು, ಯಾವುದು ಮಜ್ಜಿಗೆ ಎಂದು ತಿಳಿಯದೆ ನಾವು ಕೋಣೆಯವರೆಲ್ಲ ಒಂದೊಂದು ಒಡೆದು ನೋಡಿದ್ದೆವು. ಆಮೇಲೆ ಹಸುಗಳನ್ನೇ ವಿಮಾನದಲ್ಲಿ ತರಿಸಿ ಮರುಭೂಮಿಯಲ್ಲಿ ಡೇರಿ ನಡೆಸಿದರು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಕತಾರ್ ಮತ್ತು ಸೌದಿ ಎರಡೂ ವಹಾಬಿ ಸುನ್ನಿ ಸಂಪ್ರದಾಯದ ಅರಬ್ ಅರಸೊತ್ತಿಗೆಗಳು. ಧರ್ಮ, ಪಂಥ, ಭಾಷೆ, ಉಡುಪು, ಯಾವುದರಲ್ಲೂ ಭೇದವಿಲ್ಲ, ಮನೆಮನೆಗಳ ನಡುವೆ ಮದುವೆ ಸಂಬಂಧವೂ ಇದೆ. ಹಾಗಿದ್ದೂ ಹದಿನಾಲ್ಕು ದಿನಗಳೊಳಗೆ ತಮ್ಮ ದೇಶ ಬಿಟ್ಟು ಹೋಗಿರೆಂದು ಕತಾರಿನವರಿಗೆ ನೆರೆಯವರು ಆಜ್ಞೆ ಮಾಡಿದರು. ನಮ್ಮ ಕಚೇರಿಯಲ್ಲಿದ್ದ ಕತಾರಿ ಸಹೋದ್ಯೋಗಿಯ ತಾಯಿ ಸೌದಿಯವರು. ಅಜ್ಜಿಯ ಕಾಯಿಲೆ ನೋಡಲು ಮಗಳು ಹೋಗಲಾಗದೆ ಆತ ಮಧ್ಯಾಹ್ನದ ಹೊತ್ತು ಮೇಜಿಗೆ ತಲೆಯಿಟ್ಟು ಕುಳಿತಿದ್ದನ್ನು ನಾನು ಮರೆತಿಲ್ಲ. ಕತಾರಿನ ವಿಮಾನಗಳಿಗೆ ಆಕಾಶ ತೆರೆದು ಕೊಟ್ಟದ್ದು ಶಿಯಾ ಇರಾನ್. ನೆರವಿಗೆ ಸೈನಿಕರನ್ನು ಕಳುಹಿಸಿದ್ದು ಟರ್ಕಿ. ಕಾರಣ ಕೇಳಿದರೆ ಅರಬ್ ನಾಡುಗಳ ಇಸ್ಲಾಮಿ ರಾಜಕೀಯ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್‌ಗೆ ಆಶ್ರಯ, ಅಲ್ ಜಝೀರಾ ವಾಹಿನಿ, ಇರಾನಿನೊಂದಿಗಿನ ಸಲುಗೆ ಎಂದೆಲ್ಲ ಹೇಳಿದರು. ಜಗತ್ತಿನ ಅತಿದೊಡ್ಡ ನೈಸರ್ಗಿಕ ಅನಿಲ ಕ್ಷೇತ್ರ ಕತಾರ್ ಮತ್ತು ಇರಾನ್ ನಡುವೆ ಸಮುದ್ರದ ತಳದಲ್ಲಿ ಹಂಚಿಹೋಗಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಆ ಸಲುಗೆ ಯಾಕೆ ಬೇಕಾಯಿತೆಂದು ಅರ್ಥವಾಗುತ್ತದೆ. 2021ರ ಜನವರಿಯಲ್ಲಿ ಅಲ್ ಉಲಾದಲ್ಲಿ ರಾಜಿಯಾಯಿತು.

ಉತ್ತರ 3: ಉಳ್ಳಾಲ, ಕರಾವಳಿ ಇತಿಹಾಸದ ಅಧ್ಯಯನಾಸಕ್ತೆ

ಟೀಚರ್, ಮಕ್ಕಳಿಗೆ ದೂರದ ಉದಾಹರಣೆ ಹಿಡಿಸದಿದ್ದರೆ ನಮ್ಮ ಊರನ್ನೇ ತೋರಿಸಿ. ಕೊಲ್ಲಿಯಲ್ಲಿ ಇಂದು ನಾವು ನೋಡುತ್ತಿರುವ ಲೆಕ್ಕಾಚಾರ ನಾಲ್ಕು ನೂರು ವರ್ಷಗಳ ಹಿಂದೆ ಇದೇ ನೇತ್ರಾವತಿಯ ಅಳಿವೆಯಲ್ಲಿ ನಡೆದಿದೆ.

1510ರಲ್ಲಿ ಪೋರ್ಚುಗೀಸರ ನಾಯಕ ಅಲ್ಬುಕರ್ಕ್ ಗೋವೆಯನ್ನು ಹಿಡಿದದ್ದು ಬಿಜಾಪುರದ ಆದಿಲ್‌ಶಾಹಿಯಿಂದ. ಅವನನ್ನು ಗೋವೆಯ ಕಡೆಗೆ ಹುರಿದುಂಬಿಸಿ ಕರೆದೊಯ್ದವನು ಹೊನ್ನಾವರದ ತಿಮ್ಮೋಜ, ಹಿಂದೂ ನಾವಿಕ ನಾಯಕ. ಇದನ್ನು ಕೇಳಿದವರು ಕ್ರೈಸ್ತರೂ ಹಿಂದೂಗಳೂ ಒಂದಾಗಿ ಮುಸ್ಲಿಮರನ್ನು ಎದುರಿಸಿದರು ಎಂದು ಬರೆದುಕೊಳ್ಳುವ ಮುನ್ನ ಕಲ್ಲಿಕೋಟೆಗೆ ಬರಬೇಕು. ಅಲ್ಲಿ ಹಿಂದೂ ಅರಸನಾದ ಸಾಮೂದಿರಿಯ ನೌಕಾಬಲವನ್ನು ನಡೆಸುತ್ತಿದ್ದವರು ಮುಸ್ಲಿಮರಾದ ಕುಂಞಾಲಿ ಮರಕ್ಕಾರರು. ಇಬ್ಬರೂ ಕೂಡಿ ಸುಮಾರು ಒಂದು ಶತಮಾನ ಪೋರ್ಚುಗೀಸರನ್ನು ಕಾಡಿದರು. 1571ರ ಹೊತ್ತಿಗೆ ಬಿಜಾಪುರ, ಅಹಮದ್‌ನಗರ ಮತ್ತು ಸಾಮೂದಿರಿ ಒಟ್ಟಾಗಿ ಪೋರ್ಚುಗೀಸರ ಮೇಲೆ ಬಿದ್ದರು, ಚಾಲಿಯಂ ಕೋಟೆ ಸಾಮೂದಿರಿಯ ಪಾಲಾಯಿತು. ಆದರೆ ನಾಲ್ಕನೆಯ ಕುಂಞಾಲಿ ತನ್ನ ಯಜಮಾನನಿಗಿಂತ ದೊಡ್ಡವನಾಗಿ ಬೆಳೆಯುತ್ತಿದ್ದಾನೆ ಎನ್ನಿಸಿದಾಗ ಸಾಮೂದಿರಿ ಅದೇ ಪೋರ್ಚುಗೀಸರ ಕೈ ಹಿಡಿದ. ಶರಣಾದ ಕುಂಞಾಲಿಯನ್ನು ಗೋವೆಗೆ ಒಯ್ದು 1600ರಲ್ಲಿ ಕೊಂದರು.

ಇನ್ನು ನಮ್ಮ ಉಳ್ಳಾಲ. ಇಲ್ಲಿ ಆಳುತ್ತಿದ್ದ ಚೌಟರೂ ಜೈನರು, ನದಿಯಾಚೆಯ ಬಂಗರೂ ಜೈನರು. ಬಂಗ ಅರಸನಿಗೂ ಉಳ್ಳಾಲದ ರಾಣಿಗೂ ಮದುವೆಯಾಗಿ, ಮುರಿದು, ಹಗೆ ಬೆಳೆಯಿತು. ಬಂಗನ ಬೆನ್ನಿಗೆ ಪೋರ್ಚುಗೀಸರು ನಿಂತರು. ರಾಣಿಯ ಬೆನ್ನಿಗೆ ಇಕ್ಕೇರಿಯ ವೀರಶೈವ ಅರಸ ವೆಂಕಟಪ್ಪ ನಾಯಕ ನಿಂತ. ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿ, ಬಳಿಕ ಮಂಗಳೂರಿಗಿಳಿದು ಈ ರಾಣಿಯನ್ನು ಕಂಡ. ಅವಳು ದರಬಾರಿನಲ್ಲಿ ಕುಳಿತಿರಲಿಲ್ಲ. ಹೊಲಕ್ಕೆ ನೀರು ಹಾಯಿಸಲು ಕಾಲುವೆ ತೋಡುತ್ತಿದ್ದ ಕಡೆ ಬರಿಗಾಲಿನಲ್ಲಿ ನಿಂತು ಕೆಲಸದವರಿಗೆ ಅಪ್ಪಣೆ ಕೊಡುತ್ತಿದ್ದಳು. ಆ ಚಿತ್ರವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಗದ್ದೆಗೆ ನೀರು ಹಾಯಿಸುವ ಆ ಚಿಂತೆಗೂ ಪೋರ್ಚುಗೀಸರೊಡನೆ ನಡೆದ ಯುದ್ಧಕ್ಕೂ ಸಂಬಂಧವಿತ್ತು. ಈ ಕರಾವಳಿಯ ಅಕ್ಕಿ ಗೋವೆಗೂ, ಹೊರ್ಮುಝ್‌ಗೂ, ಮಸ್ಕತ್ತಿಗೂ ಹೋಗುತ್ತಿತ್ತು. ಕರ್ತಾಜ್ ಎಂಬ ತಮ್ಮ ಪರವಾನಗಿ ಪತ್ರವಿಲ್ಲದೆ ಹಡಗು ಬಿಡಕೂಡದು ಎಂದು ಪೋರ್ಚುಗೀಸರು ಹಟ ಹಿಡಿದಿದ್ದರು. ಹಾಗೆಂದು ಅವರು ನಾಯಕನ ಮೇಲೆ ಏರಿಹೋಗುವ ಹಾಗಿರಲಿಲ್ಲ, ಏಕೆಂದರೆ ಘಟ್ಟದ ಕಾಳುಮೆಣಸು ಅವನ ಕೈಯಲ್ಲಿತ್ತು. ಹೀಗಾಗಿ ಗೋವೆಯ ಸರಕಾರ ತನ್ನ ಮಿತ್ರ ಬಂಗನ ಪರ ವಾದಿಸಲು ರಾಯಭಾರಿಯನ್ನು ಕಳುಹಿಸಿತೇ ಹೊರತು ಸೈನ್ಯವನ್ನಲ್ಲ.

ಈ ದೆಲ್ಲಾ ವಾಲೆ ನಮ್ಮಲ್ಲಿಗೆ ಬಂದದ್ದು ಪರ್ಷಿಯಾದಿಂದ. 1622ರಲ್ಲಿ ಶಿಯಾ ದೊರೆ ಶಾ ಅಬ್ಬಾಸ್ ಪ್ರಾಟೆಸ್ಟೆಂಟ್ ಇಂಗ್ಲಿಷರ ಹಡಗುಗಳ ನೆರವಿನಿಂದ ಕ್ಯಾಥೊಲಿಕ್ ಪೋರ್ಚುಗೀಸರನ್ನು ಹೊರ್ಮುಝ್‌ನಿಂದ ಓಡಿಸಿದಾಗ ಅವನು ಆ ಆಸುಪಾಸಿನಲ್ಲೇ ಇದ್ದ. ಹೊರ್ಮುಝ್ ಕೈತಪ್ಪಿದ ಮೇಲೆ ಪೋರ್ಚುಗೀಸರ ಬಲ ಈ ದಂಡೆಯಲ್ಲೂ ಕುಗ್ಗುತ್ತ ಬಂತು. 1650ರಲ್ಲಿ ಒಮಾನಿಗಳು ಮಸ್ಕತ್ತನ್ನು ಕಿತ್ತುಕೊಂಡರು, ಅದಾಗಿ ನಾಲ್ಕೈದು ವರ್ಷಗಳೊಳಗೆ ಶಿವಪ್ಪ ನಾಯಕ ಮಂಗಳೂರು, ಬಸ್ರೂರು, ಹೊನ್ನಾವರದ ಕೋಟೆಗಳನ್ನು ತೆರವು ಮಾಡಿಸಿದ. ಒಮಾನಿನ ಇಬಾದಿ ಮುಸ್ಲಿಮರೂ ಇಕ್ಕೇರಿಯ ಲಿಂಗಾಯತ ಅರಸರೂ ಒಂದೇ ಎದುರಾಳಿಯ ಕೈಯನ್ನು ಎರಡು ದಡಗಳಿಂದ ತಿರುಚಿದರು.

ಉತ್ತರ 4: ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೆ ಇವೆಲ್ಲವನ್ನೂ ಒಟ್ಟಿಗೆ ಓದಿದ ಮಕ್ಕಳು ಧರ್ಮ ಬರಿಯ ಮುಖವಾಡ, ಒಳಗಿರುವುದು ನೆಲ ಮತ್ತು ಹಣ ಎಂಬ ತೀರ್ಮಾನಕ್ಕೆ ಬಂದರೆ ಅದೂ ತಪ್ಪೇ ಆಗುತ್ತದೆ. ಈ ವಿಷಯದಲ್ಲಿ ನನಗೆ ಬಲವಾದ ಭಿನ್ನಾಭಿಪ್ರಾಯವಿದೆ.

2014ರ ಜೂನ್‌ನಲ್ಲಿ ಸುನ್ನಿ ಉಗ್ರರ ಐಸಿಸ್ ಪಡೆ ಮೊಸುಲ್ ನಗರವನ್ನು ಹಿಡಿದಾಗ ಇರಾಕಿನ ಸೈನ್ಯ ಕುಸಿದುಬಿತ್ತು. ಅಮೆರಿಕ ತರಬೇತಿ ಕೊಟ್ಟಿದ್ದ, ಸಂಬಳ ಪಡೆಯುತ್ತಿದ್ದ ಸೈನ್ಯ ಅದು. ಕೆಲವೇ ದಿನಗಳಲ್ಲಿ ನಜಫ್‌ನ ಹಿರಿಯ ಶಿಯಾ ಧರ್ಮಗುರು ಸಿಸ್ತಾನಿಯವರ ಕಡೆಯಿಂದ ದೇಶವನ್ನೂ ಪವಿತ್ರ ಸ್ಥಳಗಳನ್ನೂ ಕಾಪಾಡಲು ಆಯುಧ ಹಿಡಿಯಿರಿ ಎಂಬ ಫತ್ವಾ ಹೊರಟಿತು. ಸಾವಿರಾರು ಯುವಕರು ಲಾರಿಗಳಲ್ಲಿ ತುಂಬಿಕೊಂಡು ಹೊರಟರು. ಯಾವ ಸರಕಾರಿ ಹುದ್ದೆಯೂ ಇಲ್ಲದ, ಓಣಿಯೊಂದರ ಸಾದಾ ಮನೆಯಲ್ಲಿ ವಾಸಿಸುವ ವೃದ್ಧರೊಬ್ಬರ ಮಾತು ಬಾಗ್ದಾದಿನ ಸುತ್ತಲಿನ ಬಲಾಬಲವನ್ನೇ ಬದಲಿಸಿತು. ಇದನ್ನು ತೈಲದ ಲೆಕ್ಕದಿಂದ ವಿವರಿಸಲು ಸಾಧ್ಯವಿಲ್ಲ. ಅದೇ ಸಿಸ್ತಾನಿಯವರು ಹುಟ್ಟಿದ್ದು ಇರಾನಿನಲ್ಲಾದರೂ, ಧರ್ಮಗುರುವೇ ರಾಜ್ಯವನ್ನಾಳಬೇಕೆಂಬ ಖೊಮೇನಿಯವರ ಸಿದ್ಧಾಂತದ ಹಾದಿ ಹಿಡಿದವರಲ್ಲ. ಇರಾಕಿನ ನಜಫ್ ಮತ್ತು ಇರಾನಿನ ಕುಮ್ ವಿದ್ಯಾಕೇಂದ್ರಗಳ ನಡುವಿನ ಈ ಅಂತರ ಶಿಯಾ ಜಗತ್ತಿನೊಳಗಿನ ನಿಜವಾದ ಧಾರ್ಮಿಕ ಪೈಪೋಟಿ. ಇರಾಕ್ ಪೂರ್ತಿಯಾಗಿ ಇರಾನಿನ ಅಂಗಳವಾಗದೆ ಉಳಿಯಲು ಅದೂ ಒಂದು ಕಾರಣ.

ಲೆಬನಾನಿನ ಶಿಯಾ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ 1980ರ ದಶಕದ ಆರಂಭದಲ್ಲಿ, 1982ರ ಇಸ್ರೇಲಿ ದಾಳಿಯ ಬಳಿಕ, ಇರಾನಿನ ಕ್ರಾಂತಿಕಾರಿ ಪಡೆಯ ನೆರವಿನಿಂದ ಬೆಳೆಯಿತು. ಇರಾನ್ ಹಣ ಕೊಟ್ಟದ್ದು ನಿಜ, ಆದರೆ ಹಣಕ್ಕಾಗಿ ದುಡಿಯುವ ಬಾಡಿಗೆ ಪಡೆಯೊಂದು ನಾಲ್ಕು ದಶಕ ಪ್ರಾಣ ಒತ್ತೆಯಿಟ್ಟು ನಿಲ್ಲುವುದಿಲ್ಲ. ಕರ್ಬಲಾದ ಕಾಳಗದಲ್ಲಿ ಮಡಿದ ಪ್ರವಾದಿಯ ಮೊಮ್ಮಗ ಹುಸೇನರ ನೆನಪು ಅವರಿಗೆ ಪ್ರತಿವರ್ಷದ ಅಳು, ಪ್ರತಿವರ್ಷದ ಪಣ. 2024ರ ಸೆಪ್ಟೆಂಬರ್‌ನಲ್ಲಿ ಹಿಜ್ಬುಲ್ಲಾದ ನಾಯಕ ನಸ್ರಲ್ಲಾ ಹತನಾಗಿ, ಡಿಸೆಂಬರ್ 8ರಂದು ಸಿರಿಯಾದ ಅಸಾದ್ ಆಡಳಿತ ಬಿದ್ದುಹೋದ ಮೇಲೆ ಇರಾನ್ ಕಳೆದುಕೊಂಡದ್ದು ಮೆಡಿಟರೇನಿಯನ್ ತೀರದವರೆಗಿನ ನೆಲದ ದಾರಿಯನ್ನು ಮಾತ್ರವಲ್ಲ, ಒಂದು ನಂಬಿಕೆಯ ಜಾಲವನ್ನು ಕೂಡ.

ಇನ್ನೂ ಒಂದು ಮಾತು, ಬರೆಯಲು ಕಷ್ಟವಾಗುವಂಥದ್ದು. 2006ರ ಫೆಬ್ರವರಿ 22ರಂದು ಇರಾಕಿನ ಸಮಾರಾದಲ್ಲಿ ಶಿಯಾಗಳ ಪವಿತ್ರ ಅಸ್ಕರಿ ದರ್ಗಾದ ಚಿನ್ನದ ಗುಮ್ಮಟವನ್ನು ಸ್ಫೋಟಿಸಿದ ಬಳಿಕ ಬಾಗ್ದಾದಿನಲ್ಲಿ ಗುರುತಿನ ಚೀಟಿ ನೋಡಿ ಕೊಂದರು. ಒಮರ್ ಎಂಬ ಸುನ್ನಿ ಹೆಸರಿದ್ದವನಿಗೆ ಒಂದು ಚೌಕದಲ್ಲಿ ಸಾವು, ಅಲಿ ಎಂಬ ಶಿಯಾ ಹೆಸರಿದ್ದವನಿಗೆ ಇನ್ನೊಂದು ಚೌಕದಲ್ಲಿ. ಅಕ್ಕಪಕ್ಕದಲ್ಲಿ ಬಾಳಿದ್ದವರು ಬೀದಿಬೀದಿಯಾಗಿ ಬೇರ್ಪಟ್ಟರು. ಅಲ್ಲಿಯವರೆಗೆ ಅರಮನೆಯ ಲೆಕ್ಕವಾಗಿದ್ದದ್ದು ಆ ದಿನದಿಂದ ಮನೆಯ ಭಯವಾಯಿತು. ಅರಸರು ಕೈಕುಲುಕಿದ ಮಾತ್ರಕ್ಕೆ ಆ ಭಯ ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದು ಭಾವಿಸುತ್ತೇನೆ.

ಉತ್ತರ 5: ಪಣಂಬೂರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದವನು

ಚಿಕ್ಕದಾಗಿ ಎರಡು ಸಂಗತಿ. ರಾಷ್ಟ್ರೀಯತೆಯ ಪಾಲನ್ನು ಯಾರೂ ಹೆಚ್ಚು ಹೇಳಲಿಲ್ಲ. ನಮ್ಮ ಹಡಗಿನ ನಕ್ಷೆಗಳಲ್ಲಿ ಪರ್ಷಿಯನ್ ಕೊಲ್ಲಿ ಎಂದು ಇರುತ್ತಿತ್ತು. ಸೌದಿಯ ದಮ್ಮಾಮಿನ ಬಂದರು ಕಚೇರಿಗೆ ಕೊಡುವ ಪತ್ರದಲ್ಲಿ ಅರೇಬಿಯನ್ ಕೊಲ್ಲಿ ಎಂದೇ ಬರೆಯಬೇಕು, ತಪ್ಪಿದರೆ ಹಿಂದಕ್ಕೆ ತಳ್ಳುತ್ತಿದ್ದರು. 2010ರಲ್ಲಿ ಇರಾನಿನಲ್ಲಿ ನಡೆಯಬೇಕಿದ್ದ ಇಸ್ಲಾಮಿಕ್ ಸಾಲಿಡಾರಿಟಿ ಕ್ರೀಡಾಕೂಟ ಪದಕ ಮತ್ತು ಲಾಂಛನಗಳ ಮೇಲೆ ‘ಪರ್ಷಿಯನ್ ಕೊಲ್ಲಿ’ ಎಂದು ಬರೆದ ವಿಚಾರಕ್ಕೆ ರದ್ದಾಯಿತು. ಧರ್ಮದ ಹೆಸರಿನಲ್ಲಿ ಕರೆದ ಕೂಟ, ರಾಷ್ಟ್ರದ ಹೆಸರಿನ ಮೇಲೆ ಒಡೆಯಿತು.

ಎರಡನೆಯದು, ಇದು ನಮ್ಮ ಬಂದರಿಗೆ ಎಷ್ಟು ಹತ್ತಿರ ಎಂಬುದು. 2023ರ ಡಿಸೆಂಬರ್ 23ರಂದು ಗುಜರಾತಿನ ಕಡಲಿನಾಚೆ ಡ್ರೋನ್ ಬಡಿದ ಕೆಮ್ ಪ್ಲೂಟೊ ಹಡಗು ಸೌದಿಯ ಜುಬೈಲ್‌ನಿಂದ ತೈಲ ಹೊತ್ತು ಹೊರಟಿದ್ದದ್ದು ನಮ್ಮ ನವ ಮಂಗಳೂರು ಬಂದರಿಗೆ. ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಡ್ರೋನ್ ಇರಾನಿನಿಂದ ಬಂದದ್ದೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಇದೇ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಒಂದು ಕಾಲದಲ್ಲಿ ಇರಾನಿ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ತಿಂಗಳಲ್ಲಿ ಇರಾನಿನ ಮೇಲಿನ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಅದು ನಿಂತಿತು. ಅದಕ್ಕೂ ಒಂದು ವರ್ಷ ಮೊದಲೇ, 2018ರ ಮೇಯಲ್ಲಿ, ಅಬುಧಾಬಿಯ ತೈಲ ಕಂಪನಿ ಮಂಗಳೂರಿನ ನೆಲದಡಿಯ ಗುಹೆಯಲ್ಲಿ ತನ್ನ ತೈಲ ತುಂಬಿಸಿಡಲು ಆರಂಭಿಸಿತ್ತು. ಹೊರ್ಮುಝ್‌ನಲ್ಲಿ ಏನೇ ಆದರೂ ಗಿರಾಕಿಗೆ ಸರಕು ತಲುಪಬೇಕು ಎಂಬುದು ಅದರ ಹಿಂದಿನ ಲೆಕ್ಕ.

ಉತ್ತರ 1ರ ಉಪನ್ಯಾಸಕರು

ಸಂಶೋಧನಾ ವಿದ್ಯಾರ್ಥಿಯ ಆಕ್ಷೇಪವನ್ನು ಒಪ್ಪುತ್ತೇನೆ; ನಾನು ಒಂದೇ ಮಗ್ಗುಲಿಗೆ ವಾಲಿ ಬರೆದಿದ್ದೆ. ಯಾರ ಜೊತೆ ಸೇರಬೇಕೆಂಬುದನ್ನು ಆಳುವವರು ಭಯ ಮತ್ತು ಲಾಭ ನೋಡಿ ನಿರ್ಧರಿಸುತ್ತಾರೆ ಎಂಬ ನನ್ನ ಮಾತಿನಲ್ಲಿ ಬದಲಿಲ್ಲ. ಆದರೆ ಹೋರಾಡುವುದಕ್ಕೆ ಜನ ಬೇಕು, ಜನ ನಂಬಿಕೆಯಿಲ್ಲದೆ ಏಳುವುದಿಲ್ಲ, ಎದ್ದ ಮೇಲೆ ಎಬ್ಬಿಸಿದವರ ಮಾತು ಕೇಳುವುದೂ ಇಲ್ಲ.

ಬಿಜಾಪುರದ ಉದಾಹರಣೆ ಇಲ್ಲಿ ಚೆನ್ನಾಗಿ ಒದಗುತ್ತದೆ. ಯೂಸುಫ್ ಆದಿಲ್ ಶಾ 1502ರ ಸುಮಾರಿಗೆ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಹೊರಳಿದ. 1558ರಲ್ಲಿ ಬಂದ ಅಲಿ ಮತ್ತೆ ಶಿಯಾ ಎಂದ. ಪ್ರತಿ ಸಲ ಬದಲಾದದ್ದು ಪ್ರಾರ್ಥನೆಯ ಪದಗಳಷ್ಟೇ ಅಲ್ಲ. ಇಬ್ರಾಹಿಂ ಇರಾನ್ ಮೂಲದ ಅಫಾಕಿ ಸರದಾರರಲ್ಲಿ ಹೆಚ್ಚಿನವರನ್ನು ಮನೆಗೆ ಕಳುಹಿಸಿ ದಖ್ಖನಿಗಳಿಗೆ ಹುದ್ದೆ ಕೊಟ್ಟ, ಲೆಕ್ಕಪತ್ರದಿಂದ ಪಾರ್ಸಿಯನ್ನು ತೆಗೆದು ಸ್ಥಳೀಯ ಭಾಷೆಗೆ ಜಾಗ ಕೊಟ್ಟ. ಪಂಥ ಯಾವುದೆಂಬುದು ಅನ್ನ ಯಾರಿಗೆ ಎಂಬುದನ್ನು ನಿರ್ಧರಿಸುತ್ತಿತ್ತು. 2003ರ ನಂತರದ ಇರಾಕಿನಲ್ಲಿ ಮಂತ್ರಿಖಾತೆಗಳು ಪಂಥಕ್ಕಿಷ್ಟು, ಜನಾಂಗಕ್ಕಿಷ್ಟು ಎಂದು ಹಂಚಿಹೋದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸೋಮವಾರ ತರಗತಿಯಲ್ಲಿ ಪಾಠ ಹೇಳುವ ಬದಲು ಮಕ್ಕಳ ಕೈಯಿಂದಲೇ ಮಾಡಿಸಿದೆ. ಕರಿಹಲಗೆಯ ಎಡಕ್ಕೆ ದೇಶಗಳ ಹೆಸರು, ನಡುವೆ ಧರ್ಮ ಮತ್ತು ಪಂಥ, ಬಲಕ್ಕೆ ಮಿತ್ರರು ಯಾರು, ಯಾವ ವರ್ಷದಲ್ಲಿ ಎಂದು ಬರೆಸಿದೆ. ವರ್ಷದ ಕಾಲಮ್ಮು ಸೇರಿಸಿದ ಮೇಲೆ ಹಲಗೆ ಸಾಲಲಿಲ್ಲ. 1962ರ ಯೆಮನ್ ಮತ್ತು 2015ರ ಯೆಮನ್ ಅಕ್ಕಪಕ್ಕ ಬಂದಾಗ ಮಕ್ಕಳೇ ನಿಲ್ಲಿಸಿ ಪ್ರಶ್ನೆ ಕೇಳತೊಡಗಿದರು. ಉಳ್ಳಾಲದ ರಾಣಿಯ ಕತೆಗೆ ಇಡೀ ಪಿರಿಯಡ್ ಹೋಯಿತು. ಅದೇ ಹುಡುಗಿ ಮತ್ತೊಂದು ಪ್ರಶ್ನೆ ಕೇಳಿದ್ದಾಳೆ: 2023ರ ಮಾರ್ಚ್‌ನಲ್ಲಿ ಬೀಜಿಂಗಿನಲ್ಲಿ ಸೌದಿ ಮತ್ತು ಇರಾನ್ ರಾಜಿಯಾದವಲ್ಲ, ಹಾಗಾದರೆ 2025ರ ಸೆಪ್ಟೆಂಬರ್ 17ರಂದು ಸೌದಿ ಪಾಕಿಸ್ತಾನದೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಂಡದ್ದು ಯಾರಿಗೆ ಹೆದರಿ?

ಉತ್ತರ 2 ಬರೆದವನು, ಸುರತ್ಕಲ್

ಟೀಚರ್, ಆ ಒಪ್ಪಂದಕ್ಕೆ ಎಂಟು ದಿನ ಮೊದಲು, ಸೆಪ್ಟೆಂಬರ್ 9ರಂದು, ಇಸ್ರೇಲ್ ದೋಹಾದ ಮೇಲೆ ದಾಳಿ ಮಾಡಿತ್ತು. ಅಮೆರಿಕದ ದೊಡ್ಡ ವಾಯುನೆಲೆ ಇರುವ ದೇಶದ ರಾಜಧಾನಿ ಅದು. ಒಪ್ಪಂದದ ಮಾತುಕತೆ ಹಿಂದಿನಿಂದ ನಡೆದು ಬಂದದ್ದಿರಬಹುದು, ಆದರೆ ಅಮೆರಿಕದ ಕೊಡೆಯ ಕೆಳಗೆ ನಿಂತಿದ್ದ ಅರಸರೆಲ್ಲ ಆ ದಿನ ತಲೆಯೆತ್ತಿ ಕೊಡೆಯನ್ನು ನೋಡಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹುಡುಗಿಗೆ ಹಲಗೆಯ ಮೇಲೆ ಈ ಎರಡು ತಾರೀಖುಗಳನ್ನು ಒಂದರ ಕೆಳಗೊಂದು ಬರೆಯಲು ಹೇಳಿ. ನಿಮ್ಮ ತಮ್ಮ ಈಗಲೂ ದೋಹಾದಲ್ಲೇ ಇದ್ದರೆ ನನ್ನ ನಮಸ್ಕಾರ ತಿಳಿಸಿ.